ಕೋರೆಗೆ ಹೊದಿಸಿದ ಹಸುರು

ಟ್ಯಾಂಕರ್ ದಿನಾ ಬೆಳಿಗ್ಗೆ ಕಾಲನಿಯ ಎದುರಿನಿಂದಲೇ ಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಏರು ಹತ್ತುವಾಗ ಅದರ ಹಿಂದಿನಿಂದ ನೀರು ಚೆಲ್ಲುತ್ತಿತ್ತು. ಕೆಂಪು ಧೂಳಿನ ಮೇಲೆ ಕಪ್ಪು ಗೆರೆ ಬೀಳುತ್ತಿತ್ತು. ಹೆಂಗಸರು ಕೊಡಪಾನ ಹಿಡಿದು ಪಂಚಾಯತಿನ ನಳ್ಳಿಯ ಎದುರು ನಿಂತು ಆ ಗೆರೆಯನ್ನು ನೋಡುತ್ತಿದ್ದರು. ನಳ್ಳಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು.

ನೀರು ಹೋಗುತ್ತಿದ್ದದ್ದು ಮೇಲೆ, ಗಿಡಗಳಿಗೆ.

ಕಾಂತಿಗೆ ಆ ಗಿಡಗಳ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ತಾನು ಬಕೆಟಿನ ತಳದ ನೀರಿನಲ್ಲಿ ಮುಖ ಒದ್ದೆ ಮಾಡಿಕೊಂಡು ಕೆಲಸಕ್ಕೆ ಹೋಗಬೇಕು. ಹೋಗಿ ಆ ಗಿಡಗಳಿಗೆ ಬುಡ ತುಂಬ ನೀರು ಹೊಯ್ಯಬೇಕು. ಒಣಗಿದ ಎಲೆ ಕಂಡರೆ ಬೈಗುಳ. ಕಾಲನಿಯ ಮಕ್ಕಳ ತುಟಿ ಒಡೆದರೆ ಯಾರೂ ಯಾರನ್ನೂ ಬೈಯುವುದಿಲ್ಲ.

"ನಾವು ನೆಕ್ಕರೆ ಗಿಡ ಆಗಿ ಹುಟ್ಟಬೇಕಿತ್ತು ಮಾರಾಯ್ತಿ," ಎನ್ನುತ್ತಿದ್ದಳು ಜೊತೆಯಲ್ಲಿ ನೀರು ಹೊರುವ ಖತೀಜಮ್ಮ. "ದಿನಾ ಸ್ನಾನ, ಮೇಲಿಂದ ಗೊಬ್ಬರ. ನಮ್ಮನ್ನು ಕೇಳುವವರು ಯಾರು?"

ಕಾಂತಿ ನಗುತ್ತಿರಲಿಲ್ಲ. ನಗುವ ಮಾತು ಎಂದು ಅವಳಿಗೆ ಅನಿಸುತ್ತಿರಲಿಲ್ಲ.

ಕರಂಡೆಪದವು ಮೂಡಬಿದಿರೆಗೂ ಬೆಳ್ತಂಗಡಿಗೂ ನಡುವಿನ ಒಂದು ಪದವು, ಕೆಂಪುಕಲ್ಲಿನ ಬೋಳು ಎತ್ತರ. ಹಿಂದೆ ಅಲ್ಲಿ ಮುಳಿಹುಲ್ಲು, ಕುಂಟಾಲ, ಕೇಪುಳದ ಪೊದೆಗಳು. ಆಮೇಲೆ ಕಂಪನಿ ಬಂತು. ಕೆಂಪುಕಲ್ಲು ಕೊರೆಯುವ ಯಂತ್ರಗಳು ಬಂದವು. ಕಲ್ಲು ಲಾರಿಯಲ್ಲಿ ಹೋಯಿತು, ಕೋರೆಯ ಗುಂಡಿ ಉಳಿಯಿತು. ಗುಂಡಿ ಆಳವಾಗುತ್ತ ಹೋದ ಹಾಗೆ ಕೆಳಗಿನ ಕಾಲನಿಯ ಬಾವಿ ಬತ್ತಿತು. ಒಂದು ಮಳೆಗಾಲದಲ್ಲಿ ಕೋರೆಯ ಗೋಡೆ ಜರಿಯಿತು. ಅಡಿಯಲ್ಲಿದ್ದದ್ದು ಐತ, ಕಾಂತಿಯ ಅಪ್ಪ. ಮಳೆಯಿಂದಾದ ಸಾವು ಎಂದು ಕಂಪನಿ ಹೇಳಿತು. ಮಳೆಯ ಮೇಲೆ ಯಾರು ದೂರು ಕೊಡುತ್ತಾರೆ?

ಐತನನ್ನು ಪದವಿನ ಮೂಡು ಅಂಚಿನಲ್ಲಿ ಹೂತರು. ಊರಿನವರಿಗೆ ಅವರವರ ತೋಟದಲ್ಲೇ ಸುಡುವ ಜಾಗ ಉಂಟು. ಕಾಲನಿಯವರಿಗೆ ತೋಟವಿಲ್ಲ. ಅಜ್ಜನ ಕಾಲದಿಂದ ಹೆಣ ಹೂಳುವುದು ಆ ಅಂಚಿನಲ್ಲೇ. ಅಲ್ಲಿ ಗೋರಿ ಇಲ್ಲ, ಹೆಸರು ಕೆತ್ತಿದ ಕಲ್ಲಿಲ್ಲ. ಬರೀ ಪೊದೆ. ಯಾರು ಯಾವ ಪೊದೆಯ ಅಡಿಯಲ್ಲಿದ್ದಾರೆ ಎಂದು ಮನೆಯವರಿಗೆ ಗೊತ್ತು. ಐತನ ಮೇಲೆ ಒಂದು ಕೇಪುಳ ತಾನಾಗಿ ಹುಟ್ಟಿ ಸೊಂಟದೆತ್ತರ ಬೆಳೆದಿತ್ತು.

ಈಗ ಕಂಪನಿಗೆ ಬೇಕಾದದ್ದು ಆ ಅಂಚು.

ಅದು ಸುಮ್ಮನೆ ಸಿಗುವುದಿಲ್ಲ. ಕಲ್ಲು ತೆಗೆದ ಗುಂಡಿಯನ್ನು ಮುಚ್ಚಬೇಕು, ಮುಚ್ಚಿದ ಮಣ್ಣಿನ ಮೇಲೆ ಈ ನೆಲದ್ದೇ ಗಿಡ ಬೆಳೆಸಬೇಕು ಎಂದು ಪರವಾನಗಿಯಲ್ಲೇ ಷರತ್ತಿತ್ತು. ಹೊರಗಿನವರು ಯಾರಾದರೂ ಬಂದು ಅಳೆಯಬೇಕು. ನೂರಕ್ಕೆ ಅರವತ್ತು ಪಾಲು ನೆಲವನ್ನು ಊರ ಗಿಡ ಮುಚ್ಚಿದ್ದರೆ ಪಾಸು. ಪಾಸಾದರೆ ಪಕ್ಕದ ತುಂಡನ್ನು ಅಗೆಯಬಹುದು. ಕಂಪನಿ ಮೊದಲು ಅಕೇಶಿಯಾ ನೆಟ್ಟಿತ್ತು. ಅದು ಹೊರಗಿನ ಮರ, ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಆಮೇಲೆ ಈ ನೆಕ್ಕರೆ, ಈ ಕುಂಟಾಲ, ಈ ಟ್ಯಾಂಕರ್.

ಅಂದರೆ ಕಾಂತಿ ಹೊಯ್ಯುವ ಒಂದೊಂದು ಕೊಡ ನೀರೂ ಅಪ್ಪನ ಜಾಗವನ್ನು ಕಂಪನಿಯ ಹತ್ತಿರ ಹತ್ತಿರ ತರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಯ್ಯುತ್ತಿದ್ದಳು. ಬಿಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವಳ ಅಮ್ಮ ಬಾಗಿಯೂ ಅಲ್ಲೇ ಮಣ್ಣು ಹೊರುತ್ತಿದ್ದಳು. ಹೊತ್ತು ಹೊತ್ತು ಅವಳ ಕುತ್ತಿಗೆ ಒಂದು ಬದಿಗೆ ವಾಲಿ ನಿಂತುಬಿಟ್ಟಿತ್ತು.

ಕಾಂತಿ ಬಿ.ಎಸ್ಸಿ. ಮಾಡಿದ್ದಳು, ಸಸ್ಯಶಾಸ್ತ್ರದಲ್ಲಿ. ಅದನ್ನು ಅವಳು ಪದವಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ.

ಮಾರ್ಚ್ ತಿಂಗಳ ಸುರುವಿಗೆ ಅಳೆಯುವವರ ಜೀಪು ಮೊದಲ ಸಲ ಬಂತು. ಸೈಟ್ ಮ್ಯಾನೇಜರ್ ರೋಹಿತ್ ಆಫೀಸಿನ ಶೆಡ್ಡಿನಿಂದ ಕುರ್ಚಿ ತರಿಸಿದ. ಅಕೇಶಿಯಾದ ನೆರಳಿಗೆ ಹಾಕಿಸಿದ. ಎಳನೀರಿನ ಬೊಂಡ ಕೆತ್ತಿಸಿದ. ಜೀಪಿನಿಂದ ಇಳಿದವಳು ಅನಿಷಾ.

ಕಾಂತಿಯ ಕೈಯಲ್ಲಿ ಕೊಡಪಾನ ಇತ್ತು. ಅದನ್ನು ಮುಖಕ್ಕೆ ಅಡ್ಡ ಹಿಡಿಯೋಣ ಅನಿಸಿತು.

ಮೂಡಬಿದಿರೆಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಮಾರ್ಕು ಹೆಚ್ಚುಕಡಿಮೆ ಒಂದೇ. ಅನಿಷಾ ಜೈನರ ದೊಡ್ಡ ಮನೆಯವಳು, ತಂದೆ ಪ್ರಭಾಚಂದ್ರರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಡವಿತ್ತು. ಆದರೂ ಕಾಂತಿಯ ಜೊತೆ ಕೂರುತ್ತಿದ್ದಳು, ಮಾತಾಡುತ್ತಿದ್ದಳು. ಡಿಗ್ರಿ ಮುಗಿದ ವರ್ಷ ಬಿ.ಸಿ. ರೋಡಿನ ಒಂದು ಪರಿಸರ ಸಲಹಾ ಸಂಸ್ಥೆಗೆ ಇಬ್ಬರೂ ಸಂದರ್ಶನಕ್ಕೆ ಹೋಗಿದ್ದರು. ಒಳಗೆ ಕೂತವನು ಕಾಂತಿಯನ್ನು ಗಿಡದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಸ್ಕೂಟರ್ ಉಂಟಾ? ಲ್ಯಾಪ್‌ಟಾಪ್ ಉಂಟಾ? ಮನೆ ಎಲ್ಲಿ?" ಎಂದು ಕೇಳಿದ. ಕಾಲನಿಯ ಹೆಸರು ಹೇಳಿದಳು. "ಹೇಳಿ ಕಳಿಸ್ತೇವೆ," ಎಂದ. ಹೊರಗೆ ಬಂದಾಗ ಅದೇ ಮನುಷ್ಯ ಎದ್ದು ಬಂದು, ಮಗಳನ್ನು ಕರೆತಂದಿದ್ದ ಪ್ರಭಾಚಂದ್ರರ ಕೈ ಕುಲುಕುತ್ತಿದ್ದ. ಕಾಂತಿಗೆ ಯಾರೂ ಹೇಳಿ ಕಳಿಸಲಿಲ್ಲ.

"ಕಾಂತೀ! ನೀನು ಇಲ್ಲಿ ಎಂತ ಮಾಡ್ತಿದ್ದಿ?"

"ನೀರು ಹಾಕ್ತಿದ್ದೇನೆ."

ಅನಿಷಾಳ ನಗು ಅರ್ಧಕ್ಕೆ ನಿಂತಿತು. ಅವಳು ಕಾಂತಿಯ ಕೈ ಹಿಡಿದಳು. ಅನಿಷಾಳ ಕೈ ಮೆತ್ತಗಿತ್ತು. ಕಾಂತಿಯ ಅಂಗೈಯ ಗಂಟುಗಳು ಅದಕ್ಕೆ ಚುಚ್ಚಿರಬೇಕು, ಅವಳು ಕೆಳಗೆ ನೋಡಿದಳು. ಕಾಂತಿ ಕೈ ಎಳೆದುಕೊಂಡಳು.

"ಪರಿಚಯ ಉಂಟಾ ಮೇಡಂ?" ರೋಹಿತ್ ಕೇಳಿದ.

"ನನ್ನ ಕ್ಲಾಸ್‌ಮೇಟ್."

"ಹೌದಾ!" ರೋಹಿತ್ ಕಾಂತಿಯನ್ನು ಮೊದಲ ಬಾರಿಗೆ ನೋಡಿದವನಂತೆ ನೋಡಿದ. ಆಮೇಲೆ ಹೇಳಿದ, "ಒಳ್ಳೆದಾಯ್ತು. ಇವಳೇ ನಿಮಗೆ ಟೇಪು ಹಿಡೀಲಿ."

ಕಾಂತಿ ಟೇಪು ಹಿಡಿದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅನಿಷಾಳ ಕೈಯಲ್ಲಿ. ಅನಿಷಾ ನಿಲ್ಲು ಎಂದ ಕಡೆ ನಿಂತಳು. ಅಳೆಯಬೇಕಾದ ಜಾಗಗಳಲ್ಲಿ ಅನಿಷಾ ಒಂದೊಂದು ಕಲ್ಲಿಗೆ ಕೆಂಪು ಬಣ್ಣ ಬಳಿದಳು. ಪ್ರತಿ ಸಲವೂ ಅದೇ ಜಾಗ ಅಳೆಯಬೇಕು, ಆಗ ಮಾತ್ರ ಗಿಡ ಹೆಚ್ಚಾಯಿತೋ ಇಲ್ಲವೋ ಗೊತ್ತಾಗುವುದು ಎಂದು ರೋಹಿತನಿಗೆ ವಿವರಿಸಿದಳು. ಅವನು ತಲೆಯಾಡಿಸುತ್ತ ಒಂದೊಂದು ಕಲ್ಲನ್ನೂ ಗಮನವಿಟ್ಟು ನೋಡಿದ.

ಕಾಂತಿ ನೋಡಿದ್ದು ಅನಿಷಾಳ ಶೂಗಳನ್ನು. ಬಾಟಲಿಯ ನೀರು ಕುಡಿದು ಉಳಿದದ್ದನ್ನು ಅವಳು ಮುಖಕ್ಕೆ ಎರಚಿಕೊಂಡದ್ದನ್ನು. ಅವಳು ಬಾಯಿ ತೆರೆದರೆ ಗಂಡಸರು ಸುಮ್ಮನಾಗುವುದನ್ನು. ಇದೆಲ್ಲ ನನ್ನದಾಗಬಹುದಿತ್ತು ಎಂದು ಕಾಂತಿಗೆ ಅನಿಸಲಿಲ್ಲ. ಇದೆಲ್ಲ ನನ್ನದು, ಇವಳ ಹತ್ತಿರ ಉಂಟು ಎಂದು ಅನಿಸಿತು.

ಮನೆಗೆ ಬಂದು ಗಂಜಿ ಉಣ್ಣುವಾಗ ಬಾಗಿ ಹೇಳಿದಳು, "ಎಷ್ಟು ಚಂದದ ಹುಡುಗಿ. ನಿನ್ನ ಕೈ ಹಿಡಿದು ಮಾತಾಡಿದಳಲ್ಲ."

"ಅಮ್ಮಾ, ಬಾಯಿ ಮುಚ್ಚು."

ಮತ್ತೆ ಅಳೆಯುವ ದಿನ ಹತ್ತಿರವಾದ ಹಾಗೆ ಬಿಸಿಲೂ ಏರಿತು. ನೆಕ್ಕರೆಯ ಎಲೆಗಳು ಕಂದು ತಿರುಗಿದವು. ಮುಚ್ಚಿದ ಗುಂಡಿಯ ಮಣ್ಣಿಗೆ ನೀರು ಹಿಡಿದುಕೊಳ್ಳುವ ಗುಣವಿರಲಿಲ್ಲ. ಹೊಯ್ದದ್ದೆಲ್ಲ ಕೆಳಗೆ ಹೋಗುತ್ತಿತ್ತು. ರೋಹಿತನ ಫೋನು ದಿನವಿಡೀ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅವನು ಕೆಲಸದವರನ್ನೆಲ್ಲ ಕರೆದ.

"ಇವತ್ತು ನೀರು ಬೇಡ. ಪಿಕ್ಕಾಸು, ಬುಟ್ಟಿ ತಕ್ಕೊಳ್ಳಿ. ಮೂಡು ಬದಿಯಲ್ಲಿ ಕೇಪುಳ, ಕುಂಟಾಲ ಬೆಳೆದಿದೆ ಅಲ್ವಾ? ಬುಡದ ಮಣ್ಣು ಸಮೇತ ತೆಗೀರಿ. ಕೆಂಪು ಕಲ್ಲು ಇದ್ದ ಕಡೆ ತಂದು ನೆಡಿ. ಸುತ್ತ ಮಾತ್ರ. ಬೇರೆ ಕಡೆ ಬೇಡ."

ಯಾರೂ ಅಲುಗಲಿಲ್ಲ.

ಖತೀಜಮ್ಮನೇ ಬಾಯಿ ತೆರೆದಳು. "ಅದು ಇವರು ಹೂಳುವ ಜಾಗ ಅಲ್ವಾ?"

"ಎಲ್ಲುಂಟು ಗೋರಿ? ಒಂದು ಕಲ್ಲಾದ್ರೂ ಉಂಟಾ? ರೆಕಾರ್ಡಿನಲ್ಲಿ ಅದು ಬರೀ ಪದವು," ಎಂದ ರೋಹಿತ್. ಬಾಗಿಯ ಕಡೆ ತಿರುಗಿದ. "ಎಂತ ಬಾಗಿ, ನಿಂಗೆ ಬೇರೆ ಹೇಳ್ಬೇಕಾ? ಆಗೂದಿಲ್ಲ ಅಂದ್ರೆ ಮನೆಯಲ್ಲಿ ಕೂತ್ಕೋ. ಇಬ್ಬರೂ ಕೂತ್ಕೊಳ್ಳಿ."

"ಇಲ್ಲ ದಣಿ," ಎಂದಳು ಬಾಗಿ. ಅಷ್ಟು ಹೇಳಿ ನೆಲಕ್ಕೆ ಕೂತುಬಿಟ್ಟಳು. ಅವಳ ಕೈ ಪಿಕ್ಕಾಸಿನ ಕಡೆ ಹೋಗಲಿಲ್ಲ.

ಪಿಕ್ಕಾಸು ಎತ್ತಿಕೊಂಡವಳು ಕಾಂತಿ.

ಎಲ್ಲರೂ ಅವಳನ್ನೇ ನೋಡಿದರು. ಅಮ್ಮನನ್ನು ಉಳಿಸಲು ಎತ್ತಿದಳು ಎಂದು ಖತೀಜಮ್ಮ ತಿಳಿದಳು. ಹಾಗಿರಲಿಲ್ಲ. ಕಾಂತಿಯ ತಲೆಯಲ್ಲಿ ಇದ್ದದ್ದು ಅನಿಷಾ. ಅವಳು ಬರುತ್ತಾಳೆ. ಕದ್ದು ನೆಟ್ಟ ಗಿಡಗಳನ್ನು ಅಳೆಯುತ್ತಾಳೆ. ಪಾಸು ಎಂದು ಬರೆದು ಸಹಿ ಹಾಕುತ್ತಾಳೆ. ಆಗ ನಾನು ಬಾಯಿ ಬಿಡುತ್ತೇನೆ. ಬೆಳ್ತಂಗಡಿಯ ತಾಲೂಕು ಆಫೀಸಿಗೇ ಹೋಗಿ ಹೇಳುತ್ತೇನೆ. ಅವಳ ಕೆಲಸ ಹೋಗಬೇಕು. ಅವಳು ಒಂದು ಸಲ ಎಲ್ಲರ ಎದುರು ಬೀಳಬೇಕು. ಅದಕ್ಕಾಗಿ ಅಪ್ಪನ ಗಿಡ ಕೊಡುತ್ತೇನೆ.

ಅವಳು ನೇರ ಐತನ ಕೇಪುಳಕ್ಕೇ ಹೋದಳು. ಬೇರೆ ಯಾರೂ ಅದನ್ನು ಮುಟ್ಟಬಾರದಿತ್ತು.

ನೆಲ ಗಟ್ಟಿ. ಪಿಕ್ಕಾಸು ಬಿದ್ದಲ್ಲಿ ಕಿಡಿ ಹಾರುತ್ತಿತ್ತು. ಭುಜದಿಂದ ನೋವು ಬೆನ್ನಿಗಿಳಿಯಿತು. ಬೆವರು ಕಣ್ಣಿಗೆ ಹೋಗಿ ಉರಿಯಿತು. ಸುತ್ತ ಅಗೆದು, ಕೆಳಗೆ ಕೈ ಹಾಕಿ, ಬೇರುಗಳನ್ನು ಬಿಡಿಸಿದಳು. ತಾಯಿಬೇರು ಬರಲಿಲ್ಲ. ಎಳೆದಳು. ಕಾಲು ಊರಿ ಮತ್ತೆ ಎಳೆದಳು. ಹರಿದ ಸದ್ದಾಯಿತು. ಬುಡದ ಮಣ್ಣಿನ ಜೊತೆ ಒಂದು ತುಂಡು ಬಟ್ಟೆ ಮೇಲೆ ಬಂತು. ನೀಲಿ ಚೌಕುಳಿಯ ಲುಂಗಿ. ಬೇರು ಅದನ್ನು ಹೊಲಿದ ಹಾಗೆ ತೂರಿ ಹೋಗಿತ್ತು.

ಕಾಂತಿ ಅದನ್ನು ನೋಡಿದಳು. ಅದರ ಮೇಲೆ ಮಣ್ಣು ಒತ್ತಿದಳು. ಗಿಡವನ್ನು ಬುಟ್ಟಿಗೆ ಹಾಕಿ ತಲೆಗೇರಿಸಿದಳು.

ಅಲ್ಲಿಂದ ಕೋರೆಯವರೆಗೆ ನಡೆಯುವಾಗ ಬುಟ್ಟಿಯ ಸಂದಿನಿಂದ ಮಣ್ಣು ಉದುರುತ್ತಿತ್ತು. ಹಣೆಗೆ, ಮೂಗಿಗೆ, ತುಟಿಗೆ. ಅವಳು ಒರೆಸಿಕೊಳ್ಳಲಿಲ್ಲ. ಎರಡೂ ಕೈ ಬುಟ್ಟಿ ಹಿಡಿದಿದ್ದವು. ಬಾಯಿಗೆ ಹೋದದ್ದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅವಳ ಹಿಂದೆ ಉಳಿದವರೂ ಅಗೆದರು. ಸಂಜೆಯಾಗುವಾಗ ಮೂಡು ಅಂಚು ಹಂದಿ ಕೆದರಿದ ಹಾಗೆ ಕಾಣುತ್ತಿತ್ತು. ಕೆಂಪು ಕಲ್ಲುಗಳ ಸುತ್ತ ಹಸುರು ತುಂಬಿತು. ಟ್ಯಾಂಕರ್ ಎರಡು ಸಲ ಬಂತು. ಬಾಗಿ ಆ ರಾತ್ರಿ ಮಗಳಿಗೆ ಗಂಜಿ ಬಡಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರನೇ ದಿನ ಬೆಳಿಗ್ಗೆ ಅನಿಷಾ ಬಂದಳು, ಮೊದಲು ಎಲ್ಲ ಕಲ್ಲುಗಳ ಫೋಟೋ ತೆಗೆದಳು. ಬಿಳಿ ಪೈಪಿನ ಒಂದು ಚೌಕ ತಂದಿದ್ದಳು, ಅಗಲಕ್ಕೆ ಉದ್ದಕ್ಕೆ ಒಂದೊಂದು ಮೀಟರು. ಕೆಂಪು ಕಲ್ಲಿಗೆ ತಾಗಿಸಿ ಅದನ್ನು ನೆಲಕ್ಕೆ ಇಡುವುದು, ಅದರೊಳಗೆ ಎಷ್ಟು ಪಾಲು ನೆಲ ಮುಚ್ಚಿದೆ ಎಂದು ನೋಡುವುದು, ಟ್ಯಾಬಿನಲ್ಲಿ ಒತ್ತುವುದು. ಚೌಕ ಹಿಡಿಯಲು ಕಾಂತಿಯನ್ನೇ ಕರೆದಳು.

ಮೊದಲ ಕಲ್ಲು. ಚೌಕದೊಳಗೆ ಐತನ ಕೇಪುಳ. ಬುಡದ ಮಣ್ಣು ಇನ್ನೂ ಹಸಿ. ಎಲೆಗಳು ಜೋತು ಬಿದ್ದಿದ್ದವು, ಹೂವು ಮಾತ್ರ ಕೆಂಪಗೆ ಇತ್ತು. ಅನಿಷಾ ಮೊಣಕಾಲೂರಿ ಕೂತಳು. ಮಣ್ಣನ್ನು ಮುಟ್ಟಿದಳು. ಅವಳಿಗೆ ಗೊತ್ತಾಯಿತು. ಯಾರಿಗಾದರೂ ಗೊತ್ತಾಗುತ್ತಿತ್ತು.

"ಇದು ಮೊನ್ನೆ ನೆಟ್ಟದ್ದಲ್ವಾ?" ಮೆಲ್ಲಗೆ ಕೇಳಿದಳು.

"ನೀನೇ ಬರಿ," ಎಂದಳು ಕಾಂತಿ.

ಅನಿಷಾ ಹಿಂದೆ ತಿರುಗಿದಳು. ರೋಹಿತ್ ಕೊಡೆ ಹಿಡಿದು ನಿಂತಿದ್ದ. ನಗುತ್ತಿದ್ದ. "ಚಂದ ಬಂದಿದೆ ಅಲ್ವಾ ಮೇಡಂ? ಮಧ್ಯಾಹ್ನಕ್ಕೆ ಮುಗಿಸುವ. ಊಟ ಹೇಳಿ ಆಗಿದೆ."

ಅನಿಷಾ ಮತ್ತೆ ಗಿಡದ ಕಡೆ ತಿರುಗಿದಳು. ಆಮೇಲೆ ಕಾಂತಿಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ನಾನು ಎಂತ ಮಾಡ್ಲಿ ಕಾಂತಿ? ಎಷ್ಟು ಮುಚ್ಚಿದೆ ಅಂತ ಮಾತ್ರ ನೋಡೂದು ನನ್ನ ಕೆಲಸ. ಗಿಡ ಎಲ್ಲಿಂದ ಬಂತು ಅಂತ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ."

ಬೆರಳಿನಿಂದ ಎಲೆಗಳನ್ನು ಸರಿಸಿ ನೋಡಿದಳು. "ಎಪ್ಪತ್ತು," ಎಂದು ಒತ್ತಿದಳು.

ಕಾಂತಿ ಇದಕ್ಕೇ ಕಾದಿದ್ದಳು. ಬಲೆಗೆ ಬಿದ್ದಾಗಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಕಂಡದ್ದು ಆ ಮೆತ್ತನೆಯ ಬೆರಳು ಅಪ್ಪನ ಗಿಡದ ಎಲೆಗಳನ್ನು ಸರಿಸುತ್ತಿದ್ದದ್ದು. ಬದುಕಿದ್ದಾಗ ಈ ಮನುಷ್ಯನ ಬೆವರು ಇವರಿಗೆ ಕಲ್ಲಾಯಿತು. ಸತ್ತ ಮೇಲೆ ಎಪ್ಪತ್ತು ಆಯಿತು. ಅವನ ಮೇಲೆ ಹುಟ್ಟಿದ ಗಿಡವೂ ಇವರಿಗೇ. ಅದನ್ನು ಅಗೆದು ತಲೆ ಮೇಲೆ ಹೊತ್ತು ತಂದು ಕೊಟ್ಟವಳು ಅವನ ಮಗಳು.

"ಏಳು," ಎಂದಳು ಕಾಂತಿ.

"ಎಂತ?"

"ಏಳು ಅಲ್ಲಿಂದ. ಅದು ನನ್ನ ಅಪ್ಪ."

ಚೌಕವನ್ನು ಎತ್ತಿ ಎಸೆದಳು. ಎರಡೂ ಕೈ ಹಸಿ ಮಣ್ಣಿಗೆ ಹಾಕಿ ಕೇಪುಳವನ್ನು ಬುಡ ಸಮೇತ ಎತ್ತಿದಳು. ನೀಲಿ ಬಟ್ಟೆ ಈಚೆ ಬಂತು. ಅನಿಷಾ ಅದನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡು ಹಿಂದೆ ಸರಿದಳು.

"ಏಯ್! ಎಂತ ಮಾಡ್ತಿದ್ದಿ? ಹುಚ್ಚು ಹಿಡಿದಿದೆಯಾ?" ರೋಹಿತ್ ಕೊಡೆ ಬಿಟ್ಟು ಓಡಿ ಬಂದ. ಕಾಂತಿಯ ರಟ್ಟೆ ಹಿಡಿದು ಎಳೆದ. ಅವಳು ಗಿಡ ಬಿಡಲಿಲ್ಲ. ಅವನು ನೂಕಿದ. ಬಿದ್ದಳು. ಮೊಣಕೈ ಕಲ್ಲಿಗೆ ಬಡಿದು ರಕ್ತ ಬಂತು. ಗಿಡವನ್ನು ಎದೆಗೆ ಒತ್ತಿಕೊಂಡು ಮತ್ತೆ ಎದ್ದಳು.

"ನಿಂಗೆ ನಾಳೆಯಿಂದ ಕೆಲಸ ಇಲ್ಲ!"

"ಬೇಡ."

"ನಿನ್ನ ಅಮ್ಮನಿಗೂ ಇಲ್ಲ!"

ಅಷ್ಟರಲ್ಲಿ ಬಾಗಿ ಪಕ್ಕದ ಕಲ್ಲಿನ ಹತ್ತಿರ ಬಗ್ಗಿದ್ದಳು. ಅಲ್ಲಿದ್ದದ್ದು ಅವಳ ಅತ್ತೆಯ ಮೇಲಿನ ಕುಂಟಾಲ. ವಾಲಿದ ಕುತ್ತಿಗೆಯಲ್ಲೇ ಬಗ್ಗಿ, ಉಗುರಿನಲ್ಲಿ ಮಣ್ಣು ಕೆರೆದು, ಅದನ್ನು ಎತ್ತಿದಳು. ಯಾರನ್ನೂ ನೋಡದೆ ಮೂಡು ಕಡೆ ನಡೆದಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಒಬ್ಬೊಬ್ಬರೂ ತಮ್ಮ ತಮ್ಮ ಪೊದೆಯನ್ನು ಹುಡುಕಿ ತೆಗೆದರು. ಖತೀಜಮ್ಮನಿಗೆ ಅಲ್ಲಿ ಯಾರೂ ಇರಲಿಲ್ಲ, ಅವರ ದಫನ ಮಸೀದಿಯ ಹತ್ತಿರ. ಅವಳು ಬುಟ್ಟಿ ತಂದು ಮುದುಕಿಯರ ಗಿಡಗಳನ್ನು ಹೊತ್ತಳು. ಟ್ಯಾಂಕರಿನ ಡ್ರೈವರ್ ಸಾಬಿತ್ ಎಂಜಿನ್ ಬಂದ್ ಮಾಡಿ ಇಳಿದು ನಿಂತ. ರೋಹಿತ್ ಅವನಿಗೆ ಅವರನ್ನು ತಡೆ ಎಂದು ಕೂಗಿದ. ಸಾಬಿತ್ ಬೀಡಿ ಹಚ್ಚಿದ.

ಕೆಂಪು ಕಲ್ಲುಗಳ ಸುತ್ತ ಈಗ ಹೊಂಡಗಳು ಮಾತ್ರ ಇದ್ದವು. ರೋಹಿತ್ ಅನಿಷಾಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಬೆಳಿಗ್ಗೆ ತೆಗೆದ ಫೋಟೋ ಸಾಕಲ್ಲ, ಅದನ್ನೇ ಹಾಕಿ ಎಂದಿರಬೇಕು. ಅನಿಷಾ ತಲೆ ಅಲ್ಲಾಡಿಸಿದಳು. ಬಿದ್ದ ಚೌಕವನ್ನು ತಾನೇ ಎತ್ತಿಕೊಂಡಳು. ಒಂದೊಂದು ಕಲ್ಲಿಗೂ ಹೋಗಿ ಇಟ್ಟಳು. ಬರೀ ಮಣ್ಣು. ಬರೀ ಮಣ್ಣು ಎಂದು ಬರೆದಳು. ಮೊದಲ ಕಲ್ಲಿಗೂ ವಾಪಸ್ ಬಂದು ಎಪ್ಪತ್ತನ್ನು ಅಳಿಸಿದಳು.

ಕಂಪನಿ ಫೇಲಾಯಿತು. ಮೂಡು ಅಂಚಿನ ಪರವಾನಗಿ ತಡೆಹಿಡಿಯಲ್ಪಟ್ಟಿತು. ಸದ್ಯಕ್ಕೆ ಎಂದು ಆದೇಶದಲ್ಲಿತ್ತು. ಮರಳಿ ನೆಟ್ಟ ಪೊದೆಗಳಲ್ಲಿ ಹೆಚ್ಚಿನವು ಸತ್ತವು. ಐತನ ಕೇಪುಳವೂ ಸತ್ತಿತು.

ವಾರ ಕಳೆದ ಮೇಲೆ ಪೇಪರಿನಲ್ಲಿ ಬಂತು. ಯುವ ಸಸ್ಯತಜ್ಞೆಯ ದಿಟ್ಟತನ ಎಂದು ದೊಡ್ಡ ಅಕ್ಷರ. ಅನಿಷಾಳ ಫೋಟೋ. ಒತ್ತಡಕ್ಕೆ ಬಗ್ಗದೆ ಸತ್ಯ ಬರೆದಳು ಎಂದಿತ್ತು. ಕೊನೆಯ ಸಾಲು: ಸ್ಥಳೀಯ ಮಹಿಳೆಯರೂ ಸಹಕರಿಸಿದರು.

ಕಾಂತಿ, ಬಾಗಿ, ಖತೀಜಮ್ಮ ಎಂಬ ಹೆಸರುಗಳು ಬೇರೆ ಕಡೆ ಬಂದವು. ಕಂಪನಿಗೆ ಸೇರಿದ ಗಿಡಗಳನ್ನು ನಾಶ ಮಾಡಿದರು ಎಂದು ಪೊಲೀಸರಿಗೆ ಕೊಟ್ಟ ದೂರಿನಲ್ಲಿ.

ಅನಿಷಾ ಸ್ಕೂಟರಿನಲ್ಲಿ ಕಾಲನಿಗೆ ಬಂದಳು. ಬಾಗಿ ಚಾಪೆ ಹಾಕಿ ಚೊಂಬಿನಲ್ಲಿ ನೀರು ತಂದಳು. "ಬೇಡಮ್ಮಾ, ನನ್ನ ಹತ್ರ ಉಂಟು," ಎಂದು ಅನಿಷಾ ಬಾಟಲಿ ತೋರಿಸಿದಳು. ಇಲ್ಲಿ ನೀರಿಗೆ ಕಷ್ಟ ಎಂದು ಬೇಡವೆಂದಳೋ, ಬೇರೆ ಕಾರಣಕ್ಕೋ. ಕಾಂತಿ ಕೇಳಲಿಲ್ಲ.

"ಪೇಪರಿನವರಿಗೆ ನಿನ್ನ ಹೆಸರು ಹೇಳಿದ್ದೆ. ಅವರು ಹಾಕ್ಲಿಲ್ಲ."

"ಹೌದಾ."

"ನಮ್ಮ ಆಫೀಸಿನಲ್ಲಿ ಮಾತಾಡಿದ್ದೇನೆ. ನನ್ನ ಅಸಿಸ್ಟೆಂಟ್ ಆಗಿ ಬಾ. ಫೀಲ್ಡಿಗೆ ಒಟ್ಟಿಗೆ ಹೋಗುವ."

ಕಾಂತಿ ಅವಳನ್ನು ನೋಡಿದಳು. ಕಾಲೇಜಿನ ಬೆಂಚಿನಲ್ಲಿ ನೋಡುತ್ತಿದ್ದ ಹಾಗೆ ಪಕ್ಕದಿಂದ ಅಲ್ಲ, ಎದುರಿನಿಂದ.

"ನನಗೆ ನಿನ್ನ ಕೆಲಸ ಬೇಕು ಅನಿಷಾ. ನಿನ್ನ ಕೈಕೆಳಗಿನದ್ದಲ್ಲ. ನಿನ್ನದು."

"ಅದು ಹೇಗೆ ಆಗ್ತದೆ?"

"ಆಗೂದಿಲ್ಲ ಅಂತ ಗೊತ್ತುಂಟು. ಆದ್ರೂ ಬೇಕು. ನಿನ್ನನ್ನು ಬೀಳಿಸ್ಲಿಕ್ಕೇ ನಾನು ಆ ಗಿಡ ಅಗೆದದ್ದು. ನಿನ್ನನ್ನು ನೋಡಿದ್ರೆ ನನ್ನ ಹೊಟ್ಟೆ ಉರೀತದೆ. ಈಗ್ಲೂ ಉರೀತದೆ."

ಅನಿಷಾಳ ಕಣ್ಣು ತುಂಬಿತು. "ನಾನು ನಿಂಗೆ ಎಂತ ಮಾಡಿದ್ದೇನೆ?"

"ಎಂತದೂ ಮಾಡ್ಲಿಲ್ಲ. ಎಂತದೂ ಮಾಡದೆ ಎಲ್ಲ ಸಿಕ್ಕಿತಲ್ಲ ನಿಂಗೆ."

ಸ್ಕೂಟರಿನ ಸದ್ದು ಏರಿನಾಚೆ ಕರಗುವವರೆಗೆ ಬಾಗಿ ಬಾಗಿಲಲ್ಲೇ ನಿಂತಿದ್ದಳು. "ಬಂದ ಕೆಲಸ ಕೈಬಿಟ್ಟಿಯಲ್ಲ. ಒಳ್ಳೆ ಹುಡುಗಿ ಅದು."

"ಒಳ್ಳೆಯವಳೇ. ಅವಳು ಒಳ್ಳೆಯವಳಾದ್ರೆ ಪೇಪರಿನಲ್ಲಿ ಬರ್ತದೆ. ನಾವಾದ್ರೆ ಸ್ಟೇಷನ್ನಿಗೆ ಕರೀತಾರೆ."

ಮರುದಿನ ಕರೆದರು. ಮೂವರೂ ಬಸ್ಸು ಹಿಡಿದು ಹೋದರು. ಎಸ್.ಐ. ಸಾಹೇಬರ ಮೇಜಿನ ಈಚೆ ರೋಹಿತ್ ಕೂತಿದ್ದ. ಇವರಿಗೆ ಕೂರಲು ಯಾರೂ ಹೇಳಲಿಲ್ಲ. ಖತೀಜಮ್ಮ ಗೋಡೆಗೆ ಒರಗಿ ನೆಲದಲ್ಲೇ ಕೂತಳು.

"ದೊಡ್ಡ ಕೇಸ್ ಮಾಡೂದು ಬೇಡ ಅಂತ ಇವರೇ ಹೇಳ್ತಿದ್ದಾರೆ," ಎಂದರು ಸಾಹೇಬರು. "ತಪ್ಪಾಯ್ತು ಅಂತ ಬರೆದು ಇಟ್ಟಿದ್ದೇವೆ. ಮೂವರೂ ಸಹಿ ಹಾಕಿ ಹೋಗಿ. ಮುಗೀತು."

ಕಾಂತಿ ಮಾತು ಕಟ್ಟಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಇಡೀ ದಾರಿ ಮನಸ್ಸಿನಲ್ಲೇ ಹೇಳಿ ನೋಡಿದ್ದಳು. ಕಾನೂನು, ಷರತ್ತು, ಬಾವಿ, ನೀರು. ಅವಳು ಬಾಯಿ ತೆರೆಯುವ ಮೊದಲೇ ಬಾಗಿ ಮೇಜಿನ ಹತ್ತಿರ ಹೋದಳು.

"ಎಂತ ತಪ್ಪು ಅಂತ ಬರೆದಿದ್ದೀರಿ? ನನಗೆ ಓದ್ಲಿಕ್ಕೆ ಬರೂದಿಲ್ಲ. ಓದಿ ಹೇಳಿ."

ಸಾಹೇಬರು ರೋಹಿತನ ಮುಖ ನೋಡಿದರು. ಆಮೇಲೆ ಓದಿದರು. "ಕಂಪನಿಗೆ ಸೇರಿದ ಗಿಡಗಳನ್ನು ನಾವು ಕಿತ್ತು ಹಾಳು ಮಾಡಿರುತ್ತೇವೆ."

"ಕಂಪನಿಯ ಗಿಡ ಅಲ್ಲ ಅದು," ಎಂದಳು ಬಾಗಿ. ವಾಲಿದ ಕುತ್ತಿಗೆಯನ್ನು ಕೈಯಿಂದ ಹಿಡಿದು ನೆಟ್ಟಗೆ ಮಾಡಿ ರೋಹಿತನನ್ನು ನೋಡಿದಳು. ದಣಿ ಎನ್ನಲಿಲ್ಲ. "ಅದರ ಬೇರು ನನ್ನ ಗಂಡನ ಎದೆಯಲ್ಲಿತ್ತು."

ಸಾಹೇಬರು ಕಾಗದವನ್ನು ಮೇಜಿನ ಮೇಲಿಟ್ಟರು. ಬಾಗಿ ಅದನ್ನು ಒಂದು ಬೆರಳಿನಿಂದ ಅವರ ಕಡೆಗೇ ತಳ್ಳಿ ಹೊರಗೆ ನಡೆದಳು. ಖತೀಜಮ್ಮ ನೆಲಕ್ಕೆ ಕೈಯೂರಿ ಎದ್ದು ಹಿಂದೆಯೇ ಹೋದಳು.

ಕಾಂತಿ ಇನ್ನೂ ನಿಂತೇ ಇದ್ದಳು. ಅಷ್ಟು ಓದಿದ ತನ್ನ ಬಾಯಿಂದ ಆ ಮಾತು ಬರಲಿಲ್ಲವಲ್ಲ ಎಂದು ಅವಳಿಗೆ ಅಮ್ಮನ ಮೇಲೂ ಹೊಟ್ಟೆಕಿಚ್ಚಾಯಿತು. ಸಹಿ ಹಾಕದೆ ಅವಳೂ ಹೊರಗೆ ಬಂದಳು.